ಹಲಗಿ ಪೆನ್‌ಡ್ರೈವ್ ಸೇರಿದ ಮೇಲೆ

ಡಿಜೆ ಗಾಡಿ ಇನ್ನೂ ತಿರುವಿನಾಚೆ ಇರುವಾಗಲೇ ಓಣಿಯ ತಗಡಿನ ಬಾಗಿಲುಗಳು ಗುಂಯ್‌ಗುಡಲು ಶುರುಮಾಡುತ್ತವೆ. ಆಮೇಲೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳು, ಆಮೇಲೆ ಎದೆ. ಹಾಡು ಯಾವುದೆಂದು ಗೊತ್ತಾಗುವುದು ಎಲ್ಲಕ್ಕಿಂತ ಕಡೆಗೆ. ಗಣಪತಿ ಕಳಿಸುವ ದಿನ ಸುರಪುರದ ರಂಗಂಪೇಟೆಯಲ್ಲೋ ಯಾದಗಿರಿಯ ಗಾಂಧಿ ಚೌಕದ ಆಸುಪಾಸಿನಲ್ಲೋ ಸಂಜೆ ನಿಂತವರಿಗೆ ಈ ಕ್ರಮ ಬಾಯಿಪಾಠ. ಸುರಪುರದಲ್ಲಂತೂ ಸುತ್ತ ಗುಡ್ಡ, ನಡುವೆ ಊರು. ಒಂದು ಓಣಿಯಲ್ಲಿ ಹೊರಟ ಸದ್ದು ಬಂಡೆಗೆ ಬಡಿದು ಇನ್ನೊಂದು ಓಣಿಗೆ ಬಂದು ಬೀಳುತ್ತದೆ. ಟೇಲರ್ ಮಂಜಿಲ್ ಇರುವ ದಿಬ್ಬದ ಮೇಲೆ ನಿಂತರೆ ಯಾವ ಓಣಿಯ ಗಣಪತಿ ಎಲ್ಲಿಯವರೆಗೆ ಬಂತೆಂದು ಕಣ್ಣು ಮುಚ್ಚಿಯೇ ಹೇಳಬಹುದು.

ಬಾಗಿಲಿಗೆ ಮೊದಲು ತಿಳಿಯುವುದಕ್ಕೆ ಕಾರಣ ಭೌತಶಾಸ್ತ್ರದ್ದು. ಬೇಸ್ ಬಾಕ್ಸಿನಿಂದ ಹೊರಡುವ 50 ಹರ್ಟ್ಸ್‌ನ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ನಮ್ಮ ಓಣಿಯ ಗೋಡೆಗಳು ಲೆಕ್ಕಕ್ಕಿಲ್ಲ, ಮೂಲೆಯನ್ನು ಸುತ್ತಿಕೊಂಡು ಬರುತ್ತದೆ, ಕಲ್ಲಿನ ಗೋಡೆಯನ್ನೂ ತೂರುತ್ತದೆ. ಹಾಡುವವನ ಮಾತಿನಲ್ಲಿರುವ ಸ, ಚ, ತ ಅಕ್ಷರಗಳ ಚೂಪು ಸದ್ದಿನ ಅಲೆ ಕೆಲವೇ ಸೆಂಟಿಮೀಟರ್ ಉದ್ದ, ಮೊದಲ ಗೋಡೆಯಲ್ಲೇ ಸೋಲುತ್ತದೆ. ಹೀಗಾಗಿ ಮೆರವಣಿಗೆಯಲ್ಲಿ ಕುಣಿಯುವವನಿಗೆ ಹಾಡು ಸಿಗುತ್ತದೆ, ಮನೆಯೊಳಗೆ ಮಲಗಿದ ಮುದುಕಿಗೆ ಬರೀ ಗುದ್ದು. ಡಿಜೆ ಬಗ್ಗೆ ಇವರಿಬ್ಬರ ನಡುವೆ ಒಮ್ಮತ ಮೂಡದಿರುವುದಕ್ಕೆ ಅರ್ಧ ಕಾರಣ ಇದೇ. ಇಬ್ಬರೂ ಕೇಳುತ್ತಿರುವುದು ಒಂದೇ ಸಂಗೀತವಲ್ಲ.

ಆದರೆ ಆ ಗುದ್ದು ಯಾವುದರದು ಎಂದು ಸ್ವಲ್ಪ ಕಿವಿಗೊಟ್ಟು ನೋಡಿ. ಮೇಲೆ ಕೀಬೋರ್ಡು, ಪ್ರೇಮ ವೈಫಲ್ಯದ ಜನಪದ ಶೈಲಿಯ ಹಾಡು, ನಡುನಡುವೆ ಸೈರನ್ನಿನಂಥ ಕೂಗು. ಇವೆಲ್ಲದರ ಕೆಳಗೆ, ಹಾಡನ್ನು ಹೊತ್ತುಕೊಂಡು ಹೋಗುವುದು ಬಹಳ ಸಲ ಹಲಗಿ. ನಮ್ಮ ಹುಡುಗರು ಕುಣಿಯುವುದು ಕೊನೆಗೂ ಹಲಗಿಗೇ. ಡಿಜೆ ಬಂದು ಸ್ಥಳೀಯ ಸಂಗೀತವನ್ನು ಕೊಂದಿತು ಎಂಬ ದೂರನ್ನು ಪ್ರತಿ ಭಾದ್ರಪದದಲ್ಲೂ ಪತ್ರಿಕೆಗಳಲ್ಲಿ ಓದುತ್ತೇವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಡಿಜೆ ಹಲಗಿಯನ್ನು ಉಳಿಸಿಕೊಂಡಿದೆ, ಹಲಗಿ ಬಡಿಯುವವನನ್ನು ಮಾತ್ರ ಗಾಡಿಯಿಂದ ಇಳಿಸಿದೆ.

ಹಲಗಿ ನೋಡಲು ಸರಳ ವಾದ್ಯ. ಒಂದು ಬಳೆ, ಅದಕ್ಕೆ ಬಿಗಿದ ಚರ್ಮ, ಒಂದು ದಪ್ಪ ಕೋಲು, ಒಂದು ತೆಳು ಕಡ್ಡಿ. ದಪ್ಪ ಕೋಲು ನಡೆಯನ್ನು ಹಿಡಿಯುತ್ತದೆ, ತೆಳು ಕಡ್ಡಿ ಅದರ ಸಂದುಗಳನ್ನು ತುಂಬುತ್ತದೆ. ಮಳೆಗಾಲದ ತಂಪಿಗೆ ಚರ್ಮ ಸಡಿಲಾದರೆ ರಸ್ತೆ ಬದಿಯಲ್ಲೇ ರವದಿ, ಕಾಗದ ಗುಡ್ಡೆ ಹಾಕಿ ಬೆಂಕಿ ಹೊತ್ತಿಸಿ ಕಾಯಿಸುತ್ತಾರೆ. ಕಾಯಿಸಿದ ಹಲಗಿ ಟಣ್ ಎನ್ನುತ್ತದೆ, ಹತ್ತು-ಹದಿನೈದು ನಿಮಿಷ ಬಡಿದ ಮೇಲೆ ಮತ್ತೆ ಇಳಿಯುತ್ತದೆ, ಮತ್ತೆ ಬೆಂಕಿ. ಈ ಬಿಡುವು ಹಬ್ಬದ ಭಾಗವೇ ಆಗಿತ್ತು. ಕುಣಿಯುವವರು ನೀರು ಕುಡಿಯುತ್ತಿದ್ದರು, ಹಿರಿಯರು ಮುಂದಿನ ದಾರಿ ಯಾವುದೆಂದು ಮಾತಾಡುತ್ತಿದ್ದರು, ಜಗಳವಾಗುವ ಹಾಗಿದ್ದರೆ ಅಲ್ಲಿಗೇ ತಣಿಯುತ್ತಿತ್ತು. ಡಿಜೆಗೆ ಬಿಡುವಿಲ್ಲ. ಜನರೇಟರಿನ ಡೀಸೆಲ್ ಮುಗಿಯುವವರೆಗೆ ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿಕೊಂಡೇ ಇರುತ್ತದೆ.

ಹಲಗಿಯ ಪೂರ್ತಿ ಹರವು ಕಾಣಬೇಕಾದರೆ ಮೊಹರಮ್ಮಿಗೆ ಬರಬೇಕು. ಈ ಭಾಗದಲ್ಲಿ ಅದು ಅಲಾಯಿ ಹಬ್ಬ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಸಹ ಅಲಾಯಿ ದೇವರು ಕೂಡುತ್ತವೆ. ಕುಣಿಗೆ ಗುದ್ದಲಿ ಬಿದ್ದ ದಿನದಿಂದ ಕತ್ತಲ ರಾತ್ರಿಯವರೆಗೆ, ಅಲ್ಲಿಂದ ದಫನ್‌ವರೆಗೆ ಹಲಗಿಗೆ ಬೇರೆ ಬೇರೆ ನಡೆಗಳಿವೆ. ದೇವರು ಏಳುವಾಗ ಒಂದು, ಸವಾರಿ ಹೊರಟಾಗ ಒಂದು, ಎರಡು ದೇವರು ಭೇಟಿಯಾಗುವಾಗ ಇನ್ನೊಂದು. ಸುತ್ತಗಟ್ಟಿ ಹೆಜ್ಜೆ ಹಾಕುವವರು ಕನ್ನಡದಲ್ಲೇ ರಿವಾಯತ್ ಪದ ಹೇಳುತ್ತಾರೆ. ಹಸನ್-ಹುಸೇನರ ಕಥೆ, ಕರ್ಬಲಾದ ಕಥೆ ಕೃಷ್ಣಾ-ಭೀಮಾ ತೀರದ ಆಡುಮಾತಿನಲ್ಲಿ ಬರುತ್ತದೆ. ಹಲಗಿಯವನ ಕಣ್ಣು ಅಷ್ಟು ಹೊತ್ತೂ ಕುಣಿಯುವವರ ಕಾಲ ಮೇಲೆ. ಕಾಲು ದಣಿದರೆ ನಡೆ ಇಳಿಸುತ್ತಾನೆ, ಹುರುಪು ಕಂಡರೆ ಏರಿಸುತ್ತಾನೆ. ಕೈ ಮತ್ತು ಕಾಲಿನ ನಡುವಿನ ಈ ಕೊಡುಕೊಳ್ಳುವಿಕೆ ಪೆನ್‌ಡ್ರೈವ್‌ನಲ್ಲಿ ತುಂಬಲು ಆಗದ ಭಾಗ. ಅಲ್ಲಿ ಕುಣಿಯುವವನೇ ಯಂತ್ರದ ವೇಗಕ್ಕೆ ಹೊಂದಿಕೊಳ್ಳಬೇಕು.

ಹಬ್ಬಕ್ಕೂ ದುಡಿಮೆಗೂ ಇಲ್ಲಿ ನೇರ ನಂಟಿದೆ. ಯಾದಗಿರಿ ಜಿಲ್ಲೆಯ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಊರ ಜಾತ್ರೆಗೆ, ಅಲಾಯಿಗೆ, ಯುಗಾದಿಗೆ ತಪ್ಪದೆ ಬರುತ್ತಾರೆ. ಬಂದವರ ಕಿಸೆಯಲ್ಲಿ ಒಂದಿಷ್ಟು ದುಡ್ಡು, ಮೊಬೈಲಿನಲ್ಲಿ ಬೇರೆ ಊರಿನ ಮೆರವಣಿಗೆಯ ವಿಡಿಯೊ. ಓಣಿಯಲ್ಲಿ ಪಟ್ಟಿ ಎತ್ತುವಾಗ ಈ ಹುಡುಗರ ಹೆಸರಿನ ಮುಂದೆ ಹಿರಿಯರಿಗಿಂತ ದೊಡ್ಡ ಮೊತ್ತ ಬೀಳುತ್ತದೆ, ಹಾಗಾಗಿ ಯಾವ ಡಿಜೆ ಎಂದು ತೀರ್ಮಾನಿಸುವವರೂ ಅವರೇ. ವರ್ಷವಿಡೀ ಊರಾಚೆ ಇನ್ನೊಬ್ಬರ ಕಟ್ಟಡಕ್ಕೆ ಸೆಂಟ್ರಿಂಗ್ ಹೊಡೆದವನಿಗೆ ತನ್ನ ಓಣಿಯಲ್ಲಿ ಒಂದು ರಾತ್ರಿ ತನ್ನ ಹೆಸರು ಮೈಕಿನಲ್ಲಿ ಕೇಳಬೇಕೆನಿಸಿದರೆ ಅದನ್ನು ಬರೀ ಹುಚ್ಚು ಎನ್ನಲು ನನಗೆ ಮನಸ್ಸಿಲ್ಲ.

ಗಾಡಿಯ ಕಡೆಗೆ ಬರೋಣ. ಟ್ರಾಕ್ಟರಿನ ಟ್ರೇಲರ್ ಅಥವಾ ಪಿಕಪ್, ಅದರ ಮೇಲೆ ಕಬ್ಬಿಣದ ಚೌಕಟ್ಟು. ಕೆಳಸಾಲಿನಲ್ಲಿ 18 ಇಂಚಿನ ಸ್ಪೀಕರಿನ ಬೇಸ್ ಬಾಕ್ಸುಗಳು, ಮೇಲೆ ಟಾಪ್‌ಗಳು, ಅದರ ಮೇಲೆ ಬಣ್ಣಬಣ್ಣದ ಲೈಟು. ಒಳಗೆ ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ, ಅಲ್ಲಿಂದ ದಪ್ಪ ಸದ್ದನ್ನೂ ತೆಳು ಸದ್ದನ್ನೂ ಬೇರ್ಪಡಿಸುವ ಕ್ರಾಸೋವರಿಗೆ, ಅಲ್ಲಿಂದ ಆಂಪ್ಲಿಫೈಯರುಗಳಿಗೆ ವೈರು. ಹಿಂದೆ ಜನರೇಟರ್. ಮುಂದೆ ಒಬ್ಬ ಹುಡುಗ ಕೋಲು ಹಿಡಿದು ವಿದ್ಯುತ್ ತಂತಿ ಎತ್ತುತ್ತಾ ನಡೆಯುತ್ತಾನೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಪಾಯದ ಕೆಲಸ ಅವನದು, ಅವನಿಗೆ ಸಿಗುವುದು ಬಹುಶಃ ಎಲ್ಲರಿಗಿಂತ ಕಡಿಮೆ.

ಹಾಡು ತಯಾರಾಗುವುದು ಇನ್ನೆಲ್ಲೋ. ಯಾರದೋ ಮನೆಯ ಮಾಳಿಗೆಯ ಕೋಣೆಯಲ್ಲಿ, ಎಫ್‌ಎಲ್ ಸ್ಟುಡಿಯೊದಂಥ ತಂತ್ರಾಂಶದಲ್ಲಿ. ಉತ್ತರ ಕರ್ನಾಟಕದ ಜನಪದ ಶೈಲಿಯ ಹೊಸ ಹಾಡುಗಳಿಗೆ ಯೂಟ್ಯೂಬ್ ದೊಡ್ಡ ಸಂತೆಯಾದ ಮೇಲೆ ಬೆಳಗಾವಿ ಜಿಲ್ಲೆಯ ನಿಪನಾಳದ ಮಾಳು ನಿಪನಾಳ ಅವರ ‘ನಾ ಡ್ರೈವರಾ’ ರಾಜ್ಯದ ಆಚೆಗೂ ಹೋಯಿತು. ಅಂಥ ಹಾಡು ಬಂದ ಕೆಲ ದಿನಗಳಲ್ಲೇ ಅದಕ್ಕೆ ಹಲಗಿ ಮಿಕ್ಸ್, ಬೇಸ್ ಮಿಕ್ಸ್ ಎಂದು ಹತ್ತಾರು ರೂಪ ಬರುತ್ತವೆ. ಮಿಕ್ಸ್ ಮಾಡಿದವನು ತನ್ನ ಡಿಜೆ ಹೆಸರನ್ನು ಹಾಡಿನ ನಡುವೆ ಮತ್ತೆ ಮತ್ತೆ ಕೂಗಿಸುತ್ತಾನೆ, ಬೇರೆಯವರು ಕದ್ದರೂ ಹೆಸರು ಉಳಿಯಲಿ ಎಂದು. ಗುರುಮಠಕಲ್ ಕಡೆ ಹೋದರೆ ತೆಲಂಗಾಣದ ತೀನ್‌ಮಾರ್ ನಡೆ ಕೇಳುತ್ತದೆ, ತಾಂಡಾಗಳ ಮೆರವಣಿಗೆಯಲ್ಲಿ ಲಂಬಾಣಿ ಹಾಡುಗಳ ಮಿಕ್ಸ್. ಹೋಳಿಗೆ ಲೆಂಗಿ ಹಾಡುಗಳನ್ನು ಗಂಟಲು ಹರಿಯುವಂತೆ ಹಾಡುವ, ತೀಜ್‌ನಲ್ಲಿ ಗೋಧಿ ಸಸಿಯ ಬುಟ್ಟಿಯ ಸುತ್ತ ಕೈತಟ್ಟಿ ಕುಣಿಯುವ ಮಂದಿ ಅವರು. ಈಗ ಅವರ ಭಾಷೆ ದೊಡ್ಡ ಬಾಕ್ಸಿನಲ್ಲಿ ಊರ ಮುಖ್ಯರಸ್ತೆಗೆ ಬಂದಿದೆ. ಇದು ಸಣ್ಣ ಸಂಗತಿಯಲ್ಲ.

ಇದೇನು ನಮ್ಮಲ್ಲಷ್ಟೇ ಹುಟ್ಟಿದ ಚಾಳಿಯೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡವರ ಕೇರಿಗಳಲ್ಲಿ ಲಾರಿಗೆ ಜನರೇಟರ್, ಟರ್ನ್‌ಟೇಬಲ್, ಆಳೆತ್ತರದ ಸ್ಪೀಕರುಗಳನ್ನು ಹೇರಿಕೊಂಡು ಬೀದಿಯಲ್ಲೇ ನಾಚು ನಡೆಸುತ್ತಿದ್ದರು. ಸಿರಿವಂತರ ಕ್ಲಬ್ಬಿಗೆ ಕಾಲಿಡಲಾಗದವರ ಕ್ಲಬ್ಬು ಅದು. ಅದೇ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಕೂಲ್ ಹರ್ಕ್ ಎಂಬ ಹುಡುಗ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದ್ದನ್ನೇ ಹಿಪ್‌ಹಾಪ್‌ನ ಹುಟ್ಟುದಿನವೆಂದು ಎಣಿಸುತ್ತಾರೆ. ಹಾಡಿನಲ್ಲಿ ಬರೀ ಡ್ರಮ್ಮು ಬರುವ ಭಾಗ ಬಂದಾಗ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿ ಅದನ್ನೇ ಹಿಗ್ಗಿಸಿದ. ಶಹಾಪುರದ ಮೆರವಣಿಗೆಯಲ್ಲಿ ಹಾಡು ನಿಂತು ಬರೀ ಹಲಗಿ ಉಳಿದಾಗ ಏಳುವ ಶಿಳ್ಳೆ ಕೇಳಿದವರಿಗೆ ಹರ್ಕ್‌ನ ಲೆಕ್ಕಾಚಾರ ವಿವರಿಸಬೇಕಿಲ್ಲ.

ಇನ್ನು ಸದ್ದಿನ ಅಳತೆ. ಡೆಸಿಬಲ್ ಲೆಕ್ಕ ನಮ್ಮ ರೂಪಾಯಿ ಲೆಕ್ಕದ ಹಾಗೆ ನೇರವಲ್ಲ. ಒಂದು ಬೇಸ್ ಬಾಕ್ಸಿನ ಪಕ್ಕ ಅಂಥದ್ದೇ ಇನ್ನೊಂದು ಇಟ್ಟರೆ ಹೆಚ್ಚುವುದು 3ರಿಂದ 6 ಡೆಸಿಬಲ್. ಕಿವಿಗೆ ಸದ್ದು ದುಪ್ಪಟ್ಟಾಯಿತು ಅನ್ನಿಸಬೇಕಾದರೆ 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತುಪಟ್ಟು ವಿದ್ಯುತ್ ಶಕ್ತಿ ಬೇಕು. ಪಕ್ಕದ ಓಣಿಯವರು ನಾಲ್ಕು ಬೇಸ್ ತಂದರೆಂದು ಹಠ ಹಿಡಿದು ಆರು ತರಿಸುವವರು ಪಟ್ಟಿಯ ದುಡ್ಡಿನಲ್ಲಿ ಖರೀದಿಸುವುದು ಕಿವಿಗೆ ಸರಿಯಾಗಿ ಗೊತ್ತೂ ಆಗದಷ್ಟು ವ್ಯತ್ಯಾಸವನ್ನು. ಬಾಕ್ಸುಗಳ ಸಂಖ್ಯೆ ನಿಜಕ್ಕೂ ಕಣ್ಣಿಗಾಗಿ. ವಿಡಿಯೊದಲ್ಲಿ ಸದ್ದು ಕಾಣಿಸುವುದಿಲ್ಲ, ಬಾಕ್ಸು ಕಾಣಿಸುತ್ತವೆ.

ಕಿವಿಗೆ ಮಾತ್ರ ಈ ಪೈಪೋಟಿ ದುಬಾರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು, 100 ಡೆಸಿಬಲ್ ಆದರೆ ಇಡೀ ವಾರಕ್ಕೆ 20 ನಿಮಿಷ. ಗಾಡಿಯ ಹಿಂದೆಯೇ ಸಂಜೆಯಿಂದ ರಾತ್ರಿಯವರೆಗೆ ಕುಣಿಯುವ ಹತ್ತು-ಹನ್ನೆರಡರ ಹುಡುಗರ ಲೆಕ್ಕ ನೀವೇ ಹಾಕಿಕೊಳ್ಳಿ. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಎರಡು ಬದಿ ಗೋಡೆಯಿರುವ ಇಕ್ಕಟ್ಟಿನ ಓಣಿಯಲ್ಲಿ ಆ ಕರುಣೆಯೂ ಇಲ್ಲ.

ಕಾನೂನು ಸ್ಪಷ್ಟವಾಗಿಯೇ ಇದೆ. ಕೇಂದ್ರದ ಶಬ್ದ ಮಾಲಿನ್ಯ ನಿಯಮಗಳು 2000ರಿಂದ ಜಾರಿಯಲ್ಲಿವೆ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಳಸುವ ಸಾರ್ವಜನಿಕ ಜಾಗದ ಅಂಚಿನಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆಯದನ್ನು ಮೀರಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಂದ್. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಸಬಹುದು. ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಇದನ್ನೆಲ್ಲ ಇನ್ನಷ್ಟು ಬಿಗಿಗೊಳಿಸಿತು. ಪಕ್ಕದ ಹೈದರಾಬಾದಿನಲ್ಲಿ 2024ರ ಅಕ್ಟೋಬರಿನಲ್ಲಿ ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆಯನ್ನು ಪೊಲೀಸರು ಪೂರ್ತಿ ನಿಷೇಧಿಸಿದರು. ನಮ್ಮ ರಾಜ್ಯದಲ್ಲೂ ಗಣೇಶ ಹಬ್ಬ ಬಂದರೆ ಹಲವು ಜಿಲ್ಲಾಡಳಿತಗಳಿಂದ ಇಂಥ ಆದೇಶ, ಶಾಂತಿ ಸಭೆಯಲ್ಲಿ ವಾಗ್ವಾದ, ಕೊನೆಗೆ ಒಂದಿಷ್ಟು ಗಾಡಿ ಠಾಣೆಯ ಅಂಗಳಕ್ಕೆ.

ಈ ನಿಯಮದಲ್ಲಿ ಎರಡು ಸೂಕ್ಷ್ಮಗಳಿವೆ, ಶಾಂತಿ ಸಭೆಗಳಲ್ಲಿ ಅವುಗಳ ಪ್ರಸ್ತಾಪ ಬರುವುದನ್ನು ನಾನು ಕೇಳಿಲ್ಲ. ಒಂದು, ಡೆಸಿಬಲ್ ಅಳೆಯುವ ‘ಎ’ ಮಾಪನ ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು. ನಮ್ಮ ಕಿವಿ ದಪ್ಪ ಸದ್ದಿಗೆ ಮಂದ. ಆದ್ದರಿಂದ ಆ ಮಾಪನ 50 ಹರ್ಟ್ಸ್‌ನ ಸದ್ದಿನಿಂದ ಸುಮಾರು 30 ಡೆಸಿಬಲ್ ಕಳೆದು ತೋರಿಸುತ್ತದೆ. ಅಂದರೆ 100 ಡೆಸಿಬಲ್‌ನ ಬೇಸ್ ಮೀಟರಿನಲ್ಲಿ 70 ಎಂದಷ್ಟೇ ದಾಖಲಾಗುತ್ತದೆ. ಬಾಗಿಲು ಅದುರುತ್ತಿರುತ್ತದೆ, ಬಾಣಂತಿಯ ಮನೆಯ ತೊಟ್ಟಿಲು ಅದುರುತ್ತಿರುತ್ತದೆ, ಕಾಗದದ ಮೇಲಿನ ಅಂಕಿ ಮಾತ್ರ ಸಾಧು. ಎರಡು, 2010ರ ತಿದ್ದುಪಡಿ ರಾತ್ರಿಯ ನಿರ್ಬಂಧದೊಳಗೆ ಸಂಗೀತ ವಾದ್ಯಗಳನ್ನೂ ಸೇರಿಸಿತು. ಅಕ್ಷರಶಃ ಓದಿದರೆ ಕತ್ತಲ ರಾತ್ರಿಯ ಹಲಗಿಯೂ ಬೆಳತನಕದ ಡೊಳ್ಳಿನ ಪದವೂ ಡಿಜೆಯ ಸಾಲಿನಲ್ಲೇ ನಿಲ್ಲುತ್ತವೆ. ಎದೆ ಅದುರಿಸುವ ಬೇಸಿಗೆ ಸಲೀಸು, ಬೆಂಕಿಗೆ ಕಾಯಿಸಿದ ಚರ್ಮಕ್ಕೆ ಅಡ್ಡಿ. ಬರೆದವರ ಮನಸ್ಸಿನಲ್ಲಿ ಹೀಗೆ ಇರಲಿಕ್ಕಿಲ್ಲ.

ಡೊಳ್ಳಿನ ಪದದ ಮಾತು ಬಂತು. ಡಿಜೆ ನಿಜವಾಗಿ ಪಕ್ಕಕ್ಕೆ ಸರಿಸಿದ್ದು ಹಲಗಿಯನ್ನಲ್ಲ, ಇಂಥ ನಿಧಾನದ ಕಲೆಗಳನ್ನು. ಹಾಲುಮತದ ಹಾಡುಗಾರರ ಎರಡು ಮೇಳಗಳು ಎದುರುಬದುರು ನಿಂತು ರೇವಣಸಿದ್ಧ, ಅಮೋಘಸಿದ್ಧ, ಬೀರಪ್ಪನ ಕಥೆಗಳನ್ನು ಸವಾಲು-ಜವಾಬಿನಲ್ಲಿ ಬೆಳೆಸುತ್ತಾ ಇರುಳು ಕಳೆಯುವ ಕಲೆ ಅದು. ಒಬ್ಬರು ಒಗಟು ಕಟ್ಟಿ ಎಸೆದರೆ ಇನ್ನೊಬ್ಬರು ಪದದಲ್ಲೇ ಬಿಡಿಸಬೇಕು. ಅದನ್ನು ಕೇಳಲು ಕೂತುಕೊಳ್ಳಬೇಕು, ಹಿಂದಿನ ಪದ ನೆನಪಿರಬೇಕು. ಸಂಕ್ರಾಂತಿಗೆ ಯಾದಗಿರಿ ಬಳಿಯ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆಯ ಭಂಡಾರದ ಹಳದಿ ಧೂಳಿನ ನಡುವೆ ಡೊಳ್ಳು ಇನ್ನೂ ತನ್ನ ಕಾಲ ಮೇಲೆ ನಿಂತಿದೆ, ‘ಏಳು ಕೋಟಿಗೆ’ ಎಂಬ ಕೂಗಿಗೆ ಬಾಕ್ಸಿನ ನೆರವು ಬೇಕಿಲ್ಲ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಜನೆಯವರಿಗೆ ಇನ್ನೂ ಜಾಗವಿದೆ. ಆದರೆ ಓಣಿಯ ಹಬ್ಬದಲ್ಲಿ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನ, ಚೆನ್ನೂರ ಜಲಾಲಸಾಹೇಬರ ತತ್ವಪದ ಹೇಳುವವರನ್ನು ಯಾರು ಕರೆಸುತ್ತಾರೆ? ಸಗರನಾಡಿನ ಅನುಭಾವಿ ಪರಂಪರೆ ಎಂದು ಭಾಷಣದಲ್ಲಿ ಹೇಳುವುದುಂಟು, ಪಟ್ಟಿಯ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರುವುದಿಲ್ಲ. ಇದಕ್ಕೆ ಡಿಜೆಯನ್ನು ಬೈದು ಪ್ರಯೋಜನವಿಲ್ಲ. ಡಿಜೆ ಕೇಳಿದ್ದು ರಸ್ತೆಯನ್ನು, ಕಟ್ಟೆಯನ್ನು ಖಾಲಿ ಮಾಡಿದವರು ನಾವು.

ಹಲಗಿಯ ವಿಷಯದಲ್ಲಿ ಹಳೆಯ ದಿನಗಳನ್ನು ಹಾಡಿ ಹೊಗಳುವವರು ಇನ್ನೊಂದನ್ನು ಮರೆಯುತ್ತಾರೆ. ಊರ ಹಲಗಿ ಎಂಬುದು ಕಲೆಯಾಗುವ ಮೊದಲು ಜಾತಿಯ ಮೇಲೆ ಹೇರಿದ ಬಿಟ್ಟಿ. ಹೆಣದ ಮುಂದೆ, ಡಂಗುರಕ್ಕೆ, ದೇವರ ಮುಂದೆ ಮಾದಿಗರ ಕೇರಿಯವರು ಬಂದು ಬಡಿಯಲೇಬೇಕಿತ್ತು. ಹಲಗಿಯ ಸದ್ದು ಗುಡಿಯೊಳಗೆ ಹೋಗುತ್ತಿತ್ತು, ಬಡಿದವನು ಹೊರಗೇ ನಿಲ್ಲುತ್ತಿದ್ದ. ಬರಲ್ಲ ಎಂದರೆ ಬಹಿಷ್ಕಾರ. ಓದು ಕಲಿತ ಮಕ್ಕಳು ಅಪ್ಪನ ಹಲಗಿಯನ್ನು ಗೂಟಕ್ಕೆ ಹಾಕಿದರೆ ಅದರಲ್ಲಿ ತಪ್ಪು ಹುಡುಕುವ ಅಧಿಕಾರ ಯಾರಿಗಿದೆ? ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಯ ಮೆರವಣಿಗೆ ಇದೇ ಊರುಗಳ ನಡುಬೀದಿಯಲ್ಲಿ ನೀಲಿ ಬಾವುಟದೊಂದಿಗೆ, ಬಾಬಾಸಾಹೇಬರ ಹಾಡುಗಳ ಡಿಜೆಯೊಂದಿಗೆ ಹೋಗುತ್ತದೆ. ಅಲ್ಲಿ ಬೇಸಿನ ಒಂದೊಂದು ಗುದ್ದಿಗೂ ಬೇರೆಯದೇ ಅರ್ಥವಿದೆ. ವಾಲ್ಮೀಕಿ ಜಯಂತಿ, ಕನಕ ಜಯಂತಿ, ಬಸವ ಜಯಂತಿ, ಎಲ್ಲಕ್ಕೂ ಅದೇ ಗಾಡಿ ಬರುತ್ತದೆ. ಬಾಡಿಗೆ ಕೊಟ್ಟವರ ಓಣಿ ಯಾವುದೆಂದು ಬಾಕ್ಸು ಕೇಳುವುದಿಲ್ಲ. ಹಲಗಿಗೆ ಎಂದೂ ಸಿಗದ ಅನುಕೂಲ ಇದು.

ಹಾಗೆಂದು ಹಲಗಿ ಬಿಟ್ಟವರೆಲ್ಲ ಇಷ್ಟಪಟ್ಟೇ ಬಿಟ್ಟರು ಎನ್ನಲಾಗದು. ಬಿಟ್ಟಿ ಹೋಗಿ ಕೂಲಿ ಬರುವ ಹೊತ್ತಿಗೆ ಡಿಜೆ ಬಂದಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಹಲಗಿಯ ಕುಲಬಾಂಧವ ವಾದ್ಯವೊಂದು ದೆಹಲಿಯವರೆಗೆ ಹೋಯಿತು. ಇಲ್ಲಿ ಹಲಗಿ ಮೇಳಗಳು ದರ ಹೇಳಿ, ಸಮವಸ್ತ್ರ ತೊಟ್ಟು, ಉತ್ಸವ-ಮೆರವಣಿಗೆಗಳಿಗೆ ಹೋಗುವುದು ಕಾಣುತ್ತದೆ. ಕೆಲವು ಓಣಿಗಳಲ್ಲಿ ಹಲಗಿ ಮುಂದೆ, ಡಿಜೆ ಹಿಂದೆ. ಅಂಥಲ್ಲಿ ನೋಡಬೇಕಾದ ನೋಟ ಒಂದಿದೆ. ಹಲಗಿಯವರು ನಡೆ ಬದಲಿಸುತ್ತಾರೆ, ಡಿಜೆಯವನಿಗೆ ಗೊತ್ತೇ ಆಗುವುದಿಲ್ಲ, ಹಿಂದಿನಿಂದ ತನ್ನ ಪಾಡಿಗೆ ಗುದ್ದುತ್ತಿರುತ್ತಾನೆ. ಆಗ ಯಾರೋ ಹಿರಿಯರು ಗಾಡಿ ಹತ್ತಿ, ‘ತಮ್ಮಾ, ಸ್ವಲ್ಪ ಬಂದ್ ಮಾಡಪ್ಪಾ, ಇವರದು ಒಂದೀಟು ಕೇಳೋಣು’ ಎನ್ನುತ್ತಾರೆ. ಆ ಐದು ನಿಮಿಷಕ್ಕೆ ಇಡೀ ಮೆರವಣಿಗೆಯ ಕಾಲು ಬೇರೆಯಾಗುತ್ತದೆ.

ಪೆನ್‌ಡ್ರೈವ್‌ನೊಳಗಿನ ಹಲಗಿಗೆ ಮರಳೋಣ. ಅದೂ ಯಾರದೋ ಕೈಯದು. ಯಾವುದೋ ಹಳ್ಳಿಯಲ್ಲಿ ಯಾವುದೋ ಮೇಳ ಬಡಿದದ್ದನ್ನು ಒಬ್ಬರು ರೆಕಾರ್ಡ್ ಮಾಡಿರುತ್ತಾರೆ. ಅದರಿಂದ ನಾಲ್ಕು ಎಣಿಕೆಯ ತುಣುಕು ಕತ್ತರಿಸಿ ಸುತ್ತುಹಾಕಿದರೆ ಮುಗಿಯದ ಹಲಗಿ ಸಿದ್ಧ. ಆ ತುಣುಕು ಕೈಯಿಂದ ಕೈಗೆ, ಒಂದು ಡಿಜೆಯಿಂದ ಇನ್ನೊಂದಕ್ಕೆ ಹೋಗಿ ನೂರು ಹಾಡಿನ ಕೆಳಗೆ ಕೂರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ಪ್ರದರ್ಶಕರ ಹಕ್ಕು ಎಂಬುದಿದೆ. ಅವರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಆ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯ ಗೌರವಧನವನ್ನೂ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಇದಕ್ಕೆ ಸೇರಿಸಿತು. ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕುವುದಕ್ಕೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ, ಹಾಗಾಗಿ ಓಣಿಯ ಹುಡುಗರು ಹೆದರಬೇಕಿಲ್ಲ. ಪ್ರಶ್ನೆ ಇರುವುದು ಮಿಕ್ಸ್ ಮಾಡಿ ಯೂಟ್ಯೂಬಿಗೆ ಏರಿಸಿ ದುಡಿಯುವವರದು. ಹಲಗಿಯವನು ಹೋಗಿ ಕೇಳಬೇಕೆಂದರೆ ಮೊದಲು ಅದು ತನ್ನ ಕೈಯೆಂದು ಗುರುತಿಸಬೇಕು, ಆಮೇಲೆ ಅದನ್ನು ಸಾಬೀತು ಮಾಡಬೇಕು. ಡಿಜೆಯ ಹೆಸರನ್ನು ಮತ್ತೆ ಮತ್ತೆ ಕೂಗುವ ಆ ಫೈಲಿನಲ್ಲಿ ಇವನ ಹೆಸರು ಎಲ್ಲೂ ಬರುವುದಿಲ್ಲ.